ಧೂಮಪಾನ ಬಿಡಿಸುವ ಸಮ್ಮೋಹನ: ಭರವಸೆ ಎಷ್ಟು, ಆಧಾರ ಎಷ್ಟು?

ಸಿಗರೇಟು ಅಥವಾ ಬೀಡಿಯ ಚಟಕ್ಕೆ ಸಿಲುಕಿದವರಲ್ಲಿ ಅದನ್ನು ಬಿಡಬೇಕೆಂದು ಒಮ್ಮೆಯಾದರೂ ಸಂಕಲ್ಪ ಮಾಡದವರು ವಿರಳ. ಹೊಸ ವರ್ಷದ ದಿನ, ಮಗುವಿನ ನಾಮಕರಣದ ದಿನ, ಶಬರಿಮಲೆಗೆ ಮಾಲೆ ಧರಿಸಿದ ದಿನ ಬಿಟ್ಟು, ಕೆಲವೇ ವಾರಗಳಲ್ಲಿ ಮತ್ತೆ ಬೀಡಾ ಅಂಗಡಿಯ ಮುಂದೆ ನಿಂತವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೀಗೆ ಸೋತು ಬೇಸತ್ತವರ ಕಣ್ಣಿಗೆ ‘ಒಂದೇ ಭೇಟಿಯಲ್ಲಿ ಧೂಮಪಾನದಿಂದ ಮುಕ್ತಿ’ ಎಂಬ ಜಾಹೀರಾತು ಬಿದ್ದರೆ ಆಸೆ ಚಿಗುರುವುದು ಸಹಜ. ಸಮ್ಮೋಹನ ಚಿಕಿತ್ಸೆ, ಅಂದರೆ ಹಿಪ್ನೋಥೆರಪಿ, ನಿಜಕ್ಕೂ ಈ ಚಟವನ್ನು ಬಿಡಿಸಬಲ್ಲುದೇ? ಹಣ ತೆರುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಸಮ್ಮೋಹನ ಎಂದರೇನು?

ಸಮ್ಮೋಹನ ಎಂದೊಡನೆ ಬಹುಪಾಲು ಜನರಿಗೆ ನೆನಪಾಗುವುದು ವೇದಿಕೆಯ ಮೇಲಿನ ಜಾದೂ ಪ್ರದರ್ಶನ ಅಥವಾ ಸಿನಿಮಾದ ವಶೀಕರಣ. ವೈದ್ಯಕೀಯ ಸಮ್ಮೋಹನಕ್ಕೂ ಅದಕ್ಕೂ ಸಂಬಂಧ ಕಡಿಮೆ. ಗಮನ ಒಂದೆಡೆ ಕೇಂದ್ರೀಕೃತವಾಗಿ, ಸುತ್ತಲಿನ ಅರಿವು ತಾತ್ಕಾಲಿಕವಾಗಿ ಹಿಂದೆ ಸರಿದು, ಸಲಹೆಗಳಿಗೆ ಮನಸ್ಸು ಹೆಚ್ಚು ಸ್ಪಂದಿಸುವ ಸ್ಥಿತಿಯನ್ನು ಸಮ್ಮೋಹನ ಎನ್ನಲಾಗುತ್ತದೆ. ಇದು ನಿದ್ರೆಯಲ್ಲ, ಪ್ರಜ್ಞೆ ತಪ್ಪುವುದೂ ಅಲ್ಲ. ಚಿಕಿತ್ಸಕರ ಮಾತು ವ್ಯಕ್ತಿಗೆ ಕೇಳಿಸುತ್ತಿರುತ್ತದೆ, ಒಪ್ಪಿಗೆಯಾಗದ ಸಲಹೆಯನ್ನು ತಿರಸ್ಕರಿಸುವ ಸ್ವಾತಂತ್ರ್ಯವೂ ಉಳಿದಿರುತ್ತದೆ. ಕಾದಂಬರಿಯಲ್ಲಿ ಮುಳುಗಿದವರಿಗೆ ಮನೆಯವರು ಕರೆದದ್ದು ಕೇಳಿಸದೇ ಹೋಗುವ ಅನುಭವ ಇದಕ್ಕೆ ಹತ್ತಿರವಾದುದು.

ಮೆಸ್ಮರ್‌ನಿಂದ ಬ್ರೇಡ್‌ವರೆಗೆ

ಈ ವಿದ್ಯೆಯ ಆಧುನಿಕ ಚರಿತ್ರೆ ಆರಂಭವಾಗುವುದು 18ನೇ ಶತಮಾನದ ವೈದ್ಯ ಫ್ರಾಂಜ್ ಮೆಸ್ಮರ್‌ನಿಂದ. ಜೀವಿಗಳಲ್ಲಿ ಹರಿಯುವ ಕಾಂತಶಕ್ತಿಯಿಂದ ರೋಗ ಗುಣಪಡಿಸುವುದಾಗಿ ಆತ ಹೇಳಿಕೊಂಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹಾಗೂ ರಸಾಯನ ವಿಜ್ಞಾನಿ ಲಾವೋಸಿಯೇ ಇದ್ದರು. ಅಂಥ ಶಕ್ತಿಗೆ ಯಾವ ಪುರಾವೆಯೂ ಇಲ್ಲವೆಂದು ಆಯೋಗ ತೀರ್ಮಾನಿಸಿತು. ಮುಂದೆ ಮ್ಯಾಂಚೆಸ್ಟರಿನಲ್ಲಿದ್ದ ಸ್ಕಾಟ್ಲೆಂಡ್ ಮೂಲದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ಇದು ಕಾಂತಶಕ್ತಿಯ ಫಲವಲ್ಲ, ಏಕಾಗ್ರತೆಯ ಪರಿಣಾಮ ಎಂದು 1843ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದ. ನಿದ್ರೆಯ ಗ್ರೀಕ್ ದೇವತೆ ಹಿಪ್ನಾಸ್‌ನ ಹೆಸರಿನಿಂದ ಬಂದ ಪದವನ್ನು ಬಳಕೆಗೆ ತಂದವನೂ ಆತನೇ.

ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಅರಿವಳಿಕೆ ಔಷಧಗಳು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, 1845ರಿಂದ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯ ಮೆಸ್ಮರ್ ವಿಧಾನ ಬಳಸಿ ಹಲವು ಶಸ್ತ್ರಚಿಕಿತ್ಸೆಗಳನ್ನು ನಡೆಸಿದ. ಈಥರ್ ಮತ್ತು ಕ್ಲೋರೋಫಾರ್ಮ್ ಬಂದ ಬಳಿಕ ಆ ಪ್ರಯೋಗ ಹಿನ್ನೆಲೆಗೆ ಸರಿಯಿತು.

ಚಟಕ್ಕೆ ಎರಡು ಬೇರು

ಸಮ್ಮೋಹನ ಎಲ್ಲಿ ಕೆಲಸ ಮಾಡಬಹುದು, ಎಲ್ಲಿ ಮಾಡಲಾರದು ಎಂಬುದನ್ನು ಅರಿಯಲು ಚಟದ ಸ್ವರೂಪವನ್ನು ತಿಳಿಯಬೇಕು. ಧೂಮಪಾನಕ್ಕೆ ಎರಡು ಬೇರುಗಳಿವೆ. ಮೊದಲನೆಯದು ನಿಕೋಟಿನ್. ಹೊಗೆ ಒಳಗೆಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮೆದುಳನ್ನು ತಲುಪಿ, ಹಿತಾನುಭವಕ್ಕೆ ಕಾರಣವಾಗುವ ಡೋಪಮಿನ್ ಬಿಡುಗಡೆಯಾಗುವಂತೆ ಮಾಡುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ನಿಕೋಟಿನ್ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಮತ್ತೊಂದು ಸಿಗರೇಟಿಗೆ ಕೈ ಚಾಚುತ್ತದೆ. ಏಕಾಏಕಿ ನಿಲ್ಲಿಸಿದಾಗ ಸಿಡುಕು, ಚಡಪಡಿಕೆ, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಅತಿಯಾದ ಹಸಿವು ಕಾಣಿಸಿಕೊಳ್ಳುತ್ತವೆ. ಇವು ಮೊದಲ ವಾರದಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ.

ಎರಡನೆಯ ಬೇರು ರೂಢಿಯದು. ಬೆಳಗಿನ ಕಾಫಿ, ಊಟದ ನಂತರದ ಬಿಡುವು, ಕಚೇರಿಯ ಹೊರಗಿನ ಚಹಾದಂಗಡಿ, ಗೆಳೆಯರ ಗುಂಪು, ಮೇಲಧಿಕಾರಿಯ ಗದರಿಕೆ ಎಲ್ಲವೂ ಸಿಗರೇಟಿನ ನೆನಪು ತರುವ ಕರೆಗಂಟೆಗಳಾಗುತ್ತವೆ. ನಿಕೋಟಿನ್ ದೇಹದಿಂದ ಹೊರಹೋದ ಎಷ್ಟೋ ತಿಂಗಳ ಬಳಿಕವೂ ಈ ಕರೆ ಕೇಳಿಸುತ್ತಿರುತ್ತದೆ. ಸಮ್ಮೋಹನ ಚಿಕಿತ್ಸೆಯ ಗುರಿ ಮುಖ್ಯವಾಗಿ ಈ ಎರಡನೆಯ ಬೇರು.

ಚಿಕಿತ್ಸೆ ನಡೆಯುವ ಬಗೆ

ಮೊದಲ ಭೇಟಿಯಲ್ಲಿ ಚಿಕಿತ್ಸಕರು ಎಷ್ಟು ವರ್ಷಗಳ ಚಟ, ದಿನಕ್ಕೆಷ್ಟು, ಯಾವ ಸಂದರ್ಭಗಳಲ್ಲಿ, ಹಿಂದೆ ಬಿಡಲು ಯತ್ನಿಸಿದ್ದುಂಟೇ, ಈಗ ಬಿಡಬೇಕೆನಿಸಿರುವುದೇಕೆ ಎಂದು ವಿಚಾರಿಸುತ್ತಾರೆ. ಬಳಿಕ ವ್ಯಕ್ತಿಯನ್ನು ಆರಾಮವಾಗಿ ಕೂರಿಸಿ, ಉಸಿರಾಟದ ಮೇಲೆ ಅಥವಾ ಒಂದು ಬಿಂದುವಿನ ಮೇಲೆ ಗಮನವಿಡುವಂತೆ ಹೇಳಿ, ಹಂತಹಂತವಾಗಿ ಸ್ನಾಯುಗಳನ್ನು ಸಡಿಲಗೊಳಿಸುತ್ತಾರೆ. ಮನಸ್ಸು ಶಾಂತವಾದಾಗ ಸಲಹೆಗಳನ್ನು ನೀಡುತ್ತಾರೆ. ಹೊಗೆಯ ವಾಸನೆಯನ್ನು ಅಹಿತವಾಗಿ ಭಾವಿಸುವುದು, ಸಿಗರೇಟಿಲ್ಲದೆ ಕಾಫಿ ಕುಡಿಯುತ್ತಿರುವ ತನ್ನನ್ನೇ ಕಲ್ಪಿಸಿಕೊಳ್ಳುವುದು, ತುಡಿತ ಬಂದಾಗ ದೀರ್ಘ ಉಸಿರೆಳೆದು ಅದು ಹಾದುಹೋಗಲು ಬಿಡುವುದು ಇತ್ಯಾದಿ. ಕೊನೆಗೆ, ಮನೆಯಲ್ಲಿ ತಾನೇ ಅಭ್ಯಾಸ ಮಾಡಲು ಸ್ವಸಮ್ಮೋಹನದ ವಿಧಾನವನ್ನು ಕಲಿಸಲಾಗುತ್ತದೆ.

ಈ ಕ್ಷೇತ್ರದಲ್ಲಿ ಹೆಚ್ಚು ಅನುಸರಿಸಲಾದ ವಿಧಾನ ಅಮೆರಿಕದ ಮನೋವೈದ್ಯ ಹರ್ಬರ್ಟ್ ಸ್ಪೀಗೆಲ್ ಅವರದು. ಒಂದೇ ಭೇಟಿಯಲ್ಲಿ ಸ್ವಸಮ್ಮೋಹನ ಕಲಿಸುವ ಈ ಪದ್ಧತಿಯನ್ನು ಅವರು 1970ರಲ್ಲಿ ಪ್ರಕಟಿಸಿದರು. ಹೊಗೆ ದೇಹಕ್ಕೆ ವಿಷ, ಬದುಕಲು ದೇಹ ಬೇಕು, ಆದ್ದರಿಂದ ದೇಹವನ್ನು ಗೌರವಿಸಿ ಕಾಪಾಡುವುದು ಕರ್ತವ್ಯ ಎಂಬ ಮೂರು ವಿಚಾರಗಳ ಮೇಲೆ ಅದು ನಿಂತಿದೆ. ‘ಸೇದಬೇಡ’ ಎಂಬ ನಿಷೇಧಕ್ಕಿಂತ ‘ಕಾಪಾಡಿಕೋ’ ಎಂಬ ಸ್ವೀಕಾರಕ್ಕೆ ಇಲ್ಲಿ ಒತ್ತು. ಸ್ಪೀಗೆಲ್ ವರದಿ ಮಾಡಿದ 615 ಮಂದಿಯಲ್ಲಿ ಕನಿಷ್ಠ ಆರು ತಿಂಗಳು ಧೂಮಪಾನದಿಂದ ದೂರ ಉಳಿದವರು ಸುಮಾರು ಶೇ. 20. ವಿಧಾನವನ್ನು ರೂಪಿಸಿದವರ ಲೆಕ್ಕದಲ್ಲೇ ಐವರಲ್ಲಿ ಒಬ್ಬರಿಗೆ ಮಾತ್ರ ಫಲ ದೊರೆತಿತ್ತು ಎಂಬುದನ್ನು, ನೂರಕ್ಕೆ ನೂರು ಯಶಸ್ಸಿನ ಜಾಹೀರಾತು ಓದುವವರು ನೆನಪಿಡಬೇಕು.

ಅಧ್ಯಯನಗಳು ಏನನ್ನುತ್ತವೆ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ. 286 ಧೂಮಪಾನಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಮ್ಮೋಹನ, ಇನ್ನೊಂದಕ್ಕೆ ಸಾಮಾನ್ಯ ಆಪ್ತಸಲಹೆ ನೀಡಲಾಯಿತು. ಎರಡೂ ಗುಂಪಿಗೆ ಎರಡು ತಿಂಗಳು ನಿಕೋಟಿನ್ ಪಟ್ಟಿಗಳನ್ನೂ ಕೊಡಲಾಯಿತು. ಒಂದು ವರ್ಷದ ನಂತರ ದೃಢಪಡಿಸಿಕೊಂಡ ಲೆಕ್ಕದಂತೆ ಸಮ್ಮೋಹನದ ಗುಂಪಿನಲ್ಲಿ ಶೇ. 20, ಆಪ್ತಸಲಹೆಯ ಗುಂಪಿನಲ್ಲಿ ಶೇ. 14ರಷ್ಟು ಜನ ಧೂಮಪಾನದಿಂದ ದೂರವಿದ್ದರು. ವ್ಯತ್ಯಾಸ ಸಮ್ಮೋಹನದ ಪರವಾಗಿ ಕಂಡರೂ, ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವಷ್ಟು ದೊಡ್ಡದಾಗಿರಲಿಲ್ಲ.

ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಇಂಥ 14 ಅಧ್ಯಯನಗಳನ್ನು, ಒಟ್ಟು 1926 ಮಂದಿಯ ಮಾಹಿತಿಯನ್ನು ಪರಿಶೀಲಿಸಿತು. ಇತರ ಆಪ್ತಸಲಹೆಗಿಂತ ಅಥವಾ ಯಾರ ನೆರವೂ ಇಲ್ಲದೆ ಬಿಡುವುದಕ್ಕಿಂತ ಸಮ್ಮೋಹನ ಹೆಚ್ಚು ಪರಿಣಾಮಕಾರಿ ಎನ್ನಲು ಸಾಕಷ್ಟು ಆಧಾರವಿಲ್ಲ, ಪ್ರಯೋಜನವಿದ್ದರೂ ಅದು ಅಲ್ಪ ಎಂಬುದು ಅದರ ತೀರ್ಮಾನ. ಇದರರ್ಥ ಸಮ್ಮೋಹನ ನಿಷ್ಪ್ರಯೋಜಕ ಎಂದು ಸಾಬೀತಾಗಿದೆ ಎಂದಲ್ಲ. ಪ್ರಯೋಜನ ಸಾಬೀತಾಗಿಲ್ಲ ಎಂದಷ್ಟೇ. ಆದರೆ ಯಾವ ನೆರವೂ ಇಲ್ಲದೆ ಬಿಡುವವರಲ್ಲಿ ಒಂದು ಯತ್ನಕ್ಕೆ ಶೇ. 3ರಿಂದ 5ರಷ್ಟು ಮಂದಿ ಮಾತ್ರ ದೀರ್ಘಕಾಲ ಯಶಸ್ವಿಯಾಗುತ್ತಾರೆ ಎಂಬುದೂ ಗೊತ್ತಿರುವ ಸಂಗತಿ. ಹಾಗಾಗಿ ನೆರವು ಪಡೆಯುವುದು ಮುಖ್ಯ. ಯಾವ ನೆರವು ಎಂಬುದು ಇನ್ನೂ ಮುಖ್ಯ.

ಯಾರಿಗೆ ಒಗ್ಗುತ್ತದೆ, ಯಾರಿಗೆ ಸಲ್ಲದು?

ಸಮ್ಮೋಹನಕ್ಕೆ ಎಲ್ಲರೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಇದನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಮಾಪಕವೊಂದನ್ನು ರೂಪಿಸಲಾಯಿತು. ಕೆಲವರು ಸುಲಭವಾಗಿ ಸ್ಪಂದಿಸಿದರೆ, ಕೆಲವರು ಸ್ವಲ್ಪವೂ ಸ್ಪಂದಿಸುವುದಿಲ್ಲ, ಬಹುತೇಕರು ಮಧ್ಯದಲ್ಲಿರುತ್ತಾರೆ. ಇದು ಮನೋಬಲದ ಕೊರತೆಯೂ ಅಲ್ಲ, ಬುದ್ಧಿಯ ಅಳತೆಯೂ ಅಲ್ಲ. ಚಿಕಿತ್ಸೆ ಫಲಿಸದಿದ್ದರೆ ‘ನನ್ನಿಂದ ಇದು ಸಾಧ್ಯವೇ ಇಲ್ಲ’ ಎಂದು ಕೈಚೆಲ್ಲುವುದೇ ನಿಜವಾದ ಅಪಾಯ. ಇಷ್ಟವಿಲ್ಲದ ಗಂಡನನ್ನೋ ಮಗನನ್ನೋ ಒತ್ತಾಯದಿಂದ ಕರೆದೊಯ್ದರೆ ಪ್ರಯೋಜನ ಕಡಿಮೆ. ಬಿಡುವ ಮನಸ್ಸು ಸೇದುವವರದೇ ಆಗಿರಬೇಕು.

ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ ಇರುವವರು ಮನೋವೈದ್ಯರ ಸಲಹೆ ಇಲ್ಲದೆ ಸಮ್ಮೋಹನಕ್ಕೆ ಒಳಗಾಗಬಾರದು. ಇನ್ನೊಂದು ಎಚ್ಚರಿಕೆ ಹೆಚ್ಚಿನವರಿಗೆ ತಿಳಿಯದು: ಹೊಗೆಯಲ್ಲಿರುವ ರಾಸಾಯನಿಕಗಳು ಕೆಲವು ಔಷಧಗಳನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತವೆ. ಮನೋರೋಗಕ್ಕೆ ಕೊಡುವ ಕ್ಲೊಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಸೇವಿಸುವವರು ಧೂಮಪಾನ ನಿಲ್ಲಿಸಿದಾಗ ರಕ್ತದಲ್ಲಿ ಔಷಧದ ಪ್ರಮಾಣ ಏರಬಹುದು. ಅಂಥವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ, ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು.

ಚಿಕಿತ್ಸಕರ ಆಯ್ಕೆ

ಸಮ್ಮೋಹನ ಚಿಕಿತ್ಸೆಯನ್ನು ಸೂಕ್ತ ತರಬೇತಿ ಪಡೆದವರು ಮಾತ್ರ ನೀಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲೇ ತಿಳಿಸಿದೆ. ಕೆಲವು ದಿನಗಳ ಶಿಬಿರದ ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಯಾರೂ ಚಿಕಿತ್ಸಕರಾಗುವುದಿಲ್ಲ. ಮನೋವೈದ್ಯರು ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರೇ ಎಂದು ವಿಚಾರಿಸಬೇಕು. ಯಶಸ್ಸಿನ ಖಾತರಿ ಕೊಡುವವರು, ಹಲವು ಭೇಟಿಗಳ ಶುಲ್ಕವನ್ನು ಮುಂಗಡವಾಗಿ ಕೇಳುವವರು, ವೈದ್ಯರು ಕೊಟ್ಟ ಔಷಧ ನಿಲ್ಲಿಸಿ ಎನ್ನುವವರಿಂದ ದೂರವಿರುವುದು ಲೇಸು.

ಆಧಾರವಿರುವ ನೆರವು

ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ತ್ಯಜಿಸುವವರಿಗಾಗಿ ತನ್ನ ಮೊದಲ ಚಿಕಿತ್ಸಾ ಮಾರ್ಗಸೂಚಿಯನ್ನು ಪ್ರಕಟಿಸಿತು. ಆಪ್ತಸಲಹೆಯ ಜೊತೆಗೆ ನಿಕೋಟಿನ್ ಬದಲಿ ಚಿಕಿತ್ಸೆ, ವರೆನಿಕ್ಲಿನ್, ಬುಪ್ರೊಪಿಯಾನ್ ಹಾಗೂ ಸೈಟಿಸಿನ್ ಔಷಧಗಳನ್ನು ಅದು ಶಿಫಾರಸು ಮಾಡಿದೆ. ಇವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಸಮ್ಮೋಹನವನ್ನು ಬಯಸುವವರು ಇವುಗಳ ಬದಲಿಗೆ ಅಲ್ಲ, ಇವುಗಳ ಜೊತೆಗೆ ಬಳಸುವುದು ವಿವೇಕ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 28.6ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 22.8. ಬಿಡಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಲ್ಲಿ 2002ರಷ್ಟು ಹಿಂದೆಯೇ ತಂಬಾಕು ವ್ಯಸನ ಮುಕ್ತಿ ಕೇಂದ್ರಗಳು ಆರಂಭವಾದವು. ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆ 1800-11-2356 ಅನ್ನು 2018ರ ಸೆಪ್ಟೆಂಬರಿನಿಂದ ತಂಬಾಕು ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ದಿನವೂ ಕೈಯಲ್ಲಿ ಹಿಡಿಯುವ ಪೊಟ್ಟಣದ ಮೇಲಿನ ಆ ಸಂಖ್ಯೆಯನ್ನು ಗಮನಿಸದವರೇ ಹೆಚ್ಚು.

ಕೊನೆಯ ಸಿಗರೇಟು ಆರಿಸಿದ 20 ನಿಮಿಷಗಳಲ್ಲಿ ಹೃದಯ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷ ಕಳೆದರೆ ಧೂಮಪಾನದಿಂದ ಹೆಚ್ಚಾಗಿದ್ದ ಹೃದ್ರೋಗದ ಅಪಾಯ ಅರ್ಧದಷ್ಟಾಗುತ್ತದೆ. ಹತ್ತು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕಿಳಿಯುತ್ತದೆ. ಒಮ್ಮೆ ಬಿಟ್ಟು ಮತ್ತೆ ಹಿಡಿದವರು ನಾಚಬೇಕಾಗಿಲ್ಲ. ಶಾಶ್ವತವಾಗಿ ಬಿಟ್ಟವರಲ್ಲಿ ಬಹುತೇಕರು ಹಲವು ಬಾರಿ ಬಿಟ್ಟು, ಹಿಡಿದು, ಮತ್ತೆ ಬಿಟ್ಟವರೇ.