ಪ್ಲಾಸ್ಟಿಕ್ಕಿನ ಡ್ರಮ್ಮು, ಚರ್ಮದ ತಮಟೆ

ನಾನು ಸ್ಕೂಲ್ ಬ್ಯಾಂಡಿಗೆ ಸೇರಿದ್ದು ಸಂಗೀತದ ಹುಚ್ಚಿಗಲ್ಲ, ಬಿಳಿ ಕ್ಯಾನ್ವಾಸ್ ಶೂಗೆ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿನವರು ಚಂದಾ ಎತ್ತಿ ಅಲ್ಲಿನ ಪ್ರಾಥಮಿಕ ಶಾಲೆಗೆ ಒಂದು ಬ್ಯಾಂಡ್ ಸೆಟ್ ಕೊಡಿಸಿದರು. ಒಂದು ದೊಡ್ಡ ಡ್ರಮ್, ಎರಡು ಸೈಡ್ ಡ್ರಮ್, ಒಂದು ಜೊತೆ ಹಿತ್ತಾಳೆ ತಾಳ, ಮತ್ತೆ ಕೊನೇತನಕ ಯಾರ ಬಾಯಿಗೂ ಒಲಿಯದ ಒಂದು ಬ್ಯೂಗಲ್. ಬ್ಯಾಂಡಿನ ಹುಡುಗರಿಗೆ ಮಾತ್ರ ಶೂ, ಸಾಕ್ಸು ಅಂತ ಪೀಟಿ ಮೇಷ್ಟ್ರು ಪ್ರೇಯರ್‌ನಲ್ಲಿ ಹೇಳಿದ್ದೇ ತಡ, ಕೈ ಎತ್ತಿದವರಲ್ಲಿ ನಾನೇ ಮೊದಲಿಗ.

ಆಯ್ಕೆಗೆ ಒಂದು ಪರೀಕ್ಷೆ ಇತ್ತು. ಮೇಷ್ಟ್ರು ಸ್ಕೇಲಿನಿಂದ ಮೇಜಿನ ಮೇಲೆ ಒಂದು ಪೆಟ್ಟು ಹಾಕಿ ತೋರಿಸೋರು, ನಾವು ಬೆಂಚಿನ ಮೇಲೆ ಅದನ್ನೇ ಬಾರಿಸಬೇಕು. ನನ್ನದು ಹೆಂಗೋ ಪಾಸಾಯ್ತು. ನನ್ನ ಪಕ್ಕ ಕೂರ್ತಿದ್ದ ಹುಡುಗನ ಸರದಿ ಬಂದಾಗ ಮಾತ್ರ ಇಡೀ ಕ್ಲಾಸು ಸುಮ್ಮನಾಯ್ತು. ಅವನು ಮೇಷ್ಟ್ರ ಪೆಟ್ಟನ್ನ ಬಾರಿಸಿದ, ಅದರ ಹೊಟ್ಟೆಯೊಳಗೆ ಇನ್ನೊಂದು ಪೆಟ್ಟು ಸೇರಿಸಿದ, ಆಮೇಲೆ ಎರಡನ್ನೂ ಬಿಚ್ಚಿ ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದ. ಯಾರೂ ಕಲಿಸಿದ್ದಲ್ಲ. ಅವನ ಅಪ್ಪ ಊರಿಗೆಲ್ಲ ತಮಟೆ ಬಾರಿಸೋರು. ಹಬ್ಬಕ್ಕೂ ಅವರೇ, ಹೆಣಕ್ಕೂ ಅವರೇ.

ಡ್ರಮ್ ಬಂದ ದಿನ ಜುಲೈ ತಿಂಗಳ ಜಿಟಿಜಿಟಿ ಮಳೆ. ಮೇಷ್ಟ್ರು ಬಾರಿಸಿದರು, ಸದ್ದು ಯಾಕೋ ಮಂಕು. 'ಬೆಂಕಿಗೆ ಹಿಡೀಬೇಕು ಸಾರ್' ಅಂದ ಇವನು. ಎಲ್ಲರೂ ಹೋ ಅಂತ ನಕ್ಕರು. 'ಇದು ಪ್ಲಾಸ್ಟಿಕ್ ಕಣೋ, ಕರಗಿಹೋಗುತ್ತೆ' ಅಂದರು ಮೇಷ್ಟ್ರು. ಅವರೂ ನಗ್ತಿದ್ದರು, ಕೆಟ್ಟ ಮನಸ್ಸಿನಿಂದೇನಲ್ಲ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಚರ್ಮ ಗಾಳಿಯ ತೇವ ಕುಡಿದು ಸಡಿಲ ಆಗುತ್ತೆ, ಸದ್ದು ಇಳಿಯುತ್ತೆ. ಬೆಂಕಿ ಕಾಯಿಸಿದರೆ ತೇವ ಹೋಗಿ ಬಿಗಿಯುತ್ತೆ, ಸದ್ದು ಏರುತ್ತೆ. ಮೇಳ ಶುರುವಾಗೋ ಮುಂಚೆ ತಮಟೆಯವರು ಹುಲ್ಲು ಹೊತ್ತಿಸಿಕೊಂಡು ನಿಲ್ಲೋದು ಚಳಿಗಲ್ಲ, ಟ್ಯೂನ್ ಮಾಡೋದಕ್ಕೆ. ಮಳೆಗಾಲದ ಈ ಕಾಟ ತಪ್ಪಿಸೋಕೇ 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಡ್ರಮ್ಮಿಗೆ ಪ್ಲಾಸ್ಟಿಕ್ ಹೊದಿಕೆ ಬಂತು. ಸುತ್ತ ಇರೋ ಸ್ಕ್ರೂ ತಿರುಗಿಸಿದರೆ ಮುಗೀತು.

ನಮ್ಮನೇಲಿ ಆ ಪ್ಲಾಸ್ಟಿಕ್ಕು ಬೇರೆಯೇ ಕೆಲಸ ಮಾಡಿತು. ಸೈಡ್ ಡ್ರಮ್ಮನ್ನ ಒಂದು ದಿನ ಮನೆಗೆ ತಂದಿದ್ದೆ. ಅಜ್ಜಿ ಬಾಗಿಲಲ್ಲೇ ತಡೆದಳು. 'ಯಾವ ಚರ್ಮವೋ ಅದು?' ಪ್ಲಾಸ್ಟಿಕ್ಕು ಅಂದೆ. ನಂಬಲಿಲ್ಲ. ಬೆರಳಿಂದ ತಟ್ಟಿ, ಮೂಸಿ ನೋಡಿ, ಆಮೇಲೆ 'ಹಂಗಾದ್ರೆ ಒಳಗ್ ತಗಂಬಾ' ಅಂದಳು. ಆವತ್ತು ನನಗೆ ಅದು ತಮಾಷೆಯ ವಿಷಯ.

ಮರುದಿನ ಅವನ ಅಪ್ಪ ಸ್ಕೂಲ್ ಹತ್ರ ಬಂದರು. ಒಳಗೆ ಬರಲಿಲ್ಲ, ಹೊಂಗೆ ಮರದ ಕೆಳಗೆ ನಿಂತು ಮೇಷ್ಟ್ರನ್ನ ಕರೆಸಿಕೊಂಡರು. ಕಿಟಕಿ ಪಕ್ಕ ಕೂತಿದ್ದ ನನಗೆ ಕೇಳಿಸಿದ್ದು ಇಷ್ಟು: 'ನನ್ ಮಗ ಬ್ಯಾಡಿ ಸ್ವಾಮಿ. ಬೇಕಾದ್ರೆ ಬಾವುಟ ಹಿಡ್ಕಳ್ಳಲಿ. ಬಾರ್ಸದು ನನ್ ತಲೇಗೇ ಮುಗೀಲಿ.'

ಹಾಗಾಗಿ ಇಡೀ ಶಾಲೆಯಲ್ಲಿ ಕೈಯಲ್ಲಿ ತಾಳ ಇದ್ದ ಒಬ್ಬನೇ ಹುಡುಗ ಬಾವುಟ ಹಿಡಿದ, ತಾಳ ಇಲ್ಲದ ನಾನು ಸೈಡ್ ಡ್ರಮ್ ಹಾಕಿಕೊಂಡೆ.

ಕಲಿಕೆ ಸುಲಭ ಇರಲಿಲ್ಲ. ಮೊದಲ ವಾರಗಳಲ್ಲಿ ಡ್ರಮ್ ಮುಟ್ಟೋ ಹಾಗೇ ಇಲ್ಲ. ಸೀಬೆ ಕಡ್ಡಿ ಕೆತ್ತಿಕೊಂಡು ಕಲ್ಲು ಬೆಂಚಿನ ಮೇಲೆ ಎಡ, ಬಲ, ಎಡ-ಬಲ-ಎಡ. ಅದು ಕೂತ ಮೇಲೆ ಕಾಲು ಸೇರಿಸಬೇಕು. ದೊಡ್ಡ ಡ್ರಮ್ಮಿನ ಪೆಟ್ಟು ಬಿದ್ದಾಗ ಎಡಗಾಲು ನೆಲ ಮುಟ್ಟಬೇಕು. ಕೈ ಸರಿಯಾದರೆ ಕಾಲು ತಪ್ಪೋದು, ಕಾಲು ನೋಡಿಕೊಂಡರೆ ಕೈ. ಸೈನ್ಯದ ನಡಿಗೆಗೆ ನಿಮಿಷಕ್ಕೆ 120 ಹೆಜ್ಜೆ ಅಂತ ಲೆಕ್ಕ, ಸೆಕೆಂಡಿಗೆ ಎರಡು. ತೊಡೆಗೆ ಬಡಿಯೋ ಡ್ರಮ್ ಹೊತ್ತುಕೊಂಡು ಹತ್ತು ವರ್ಷದ ಹುಡುಗ ಅಷ್ಟು ನಡೆಯೋದು ತಮಾಷೆಯಲ್ಲ. ಸಂಜೆ ಮನೆಗೆ ಹೋಗುವಾಗ ನನ್ನ ತಪ್ಪುಗಳನ್ನ ತಿದ್ದುತ್ತಿದ್ದವನು ಅವನೇ. 'ಎಡಗೈ ಸುಮ್ನೆ ಬೀಳ್ತೈತೆ ಕಣ್ಲಾ, ಅದುಕ್ಕೂ ಜೀವ ಕೊಡು' ಅನ್ನೋನು.

ಆಗಸ್ಟ್ 15ರ ಬೆಳಗ್ಗೆ ಪ್ರಭಾತಫೇರಿ. ಬಾವುಟ ಹಿಡಿದು ಅವನು ಮುಂದೆ, ಹಿಂದೆ ನಮ್ಮ ಬ್ಯಾಂಡು. ಶಾಲೆಯಿಂದ ಹೊರಟು, ಪಂಚಾಯ್ತಿ ಕಟ್ಟೆ ಬಳಸಿ, ಆಂಜನೇಯನ ಗುಡಿ ಹತ್ರ ತಿರುಗಿ ವಾಪಸ್ಸು. ಗುಡಿ ದಾಟಿದರೆ ಕಾಲೋನಿ. ಆ ರೂಟನ್ನ ಯಾರು ಹಾಕಿದ್ದರೋ, ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಅವನ ಮನೆಗೆ ಐವತ್ತು ಹೆಜ್ಜೆ ಇರುವಾಗ ಬಾವುಟ ತಿರುಗಿತು, ಹಿಂದೆ ನಾವೂ ತಿರುಗಿದೆವು.

ಈ ಬ್ಯಾಂಡು ಅನ್ನೋದು ನಮ್ಮ ಶಾಲೆಯ ಅಂಗಳಕ್ಕೆ ಬಂದ ದಾರಿ ಬಹಳ ಉದ್ದ. ಒಂದು ಪ್ರಾಜೆಕ್ಟ್ ರಿಲೀಸಿನ ರಾತ್ರಿ, ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಾಗ, ಅದನ್ನ ಹುಡುಕೋಕೆ ಶುರು ಮಾಡಿದೆ. ದೊಡ್ಡ ಡ್ರಮ್ಮು ಮತ್ತು ಹಿತ್ತಾಳೆ ತಾಳ ಯೂರೋಪಿನವರ ಸ್ವಂತದ್ದಲ್ಲ. ಆಟೊಮನ್ ತುರ್ಕರ ಜಾನಿಸರಿ ಸೈನಿಕರ ಮುಂದೆ ನಡೆಯುತ್ತಿದ್ದ ಮೆಹ್ತರ್ ಮೇಳದ ಗದ್ದಲಕ್ಕೆ ಮೊದಲು ಬೆದರಿ, ಆಮೇಲೆ ಮರುಳಾಗಿ, 18ನೇ ಶತಮಾನದಲ್ಲಿ ಯೂರೋಪಿನ ಪಲ್ಟಣಗಳು ಅವನ್ನ ತಮ್ಮದಾಗಿಸಿಕೊಂಡವು. ಅಲ್ಲಿಂದ ಕಂಪನಿ ಸರ್ಕಾರದ ಸೈನ್ಯದ ಜೊತೆ ಹಡಗು ಹತ್ತಿ ಮದರಾಸಿಗೆ ಬಂದವು. ಆ ಬ್ಯಾಂಡಿನ ಟ್ಯೂನುಗಳನ್ನ ಕೇಳಿ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕಟ್ಟಿದರು. ಸಂಗೀತ ಕ್ಲಾಸಿನಲ್ಲಿ ನಿಮ್ಮ ಮಕ್ಕಳು ಕಲಿಯೋ ನೊಟ್ಟುಸ್ವರ ಅಂದರೆ ಅದೇ. ಮೈಸೂರು ಅರಮನೆಗೂ ಬ್ಯಾಂಡ್ ಬಂತು. ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಅಂತ ಎರಡು. ಇವತ್ತೂ ದಸರೆಯಲ್ಲಿ ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಪೊಲೀಸ್ ಬ್ಯಾಂಡು ರಾಷ್ಟ್ರಗೀತೆ ನುಡಿಸೋದನ್ನ ಟಿವಿಯಲ್ಲಿ ನೋಡಿರ್ತೀರಿ.

ಅರಮನೆಯಿಂದ ಹಳ್ಳಿ ಶಾಲೆಗೆ ಕವಾಯತು ಇಳಿದು ಬಂದಿದ್ದರಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರ ಪಾಲು ದೊಡ್ಡದು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಹುಬ್ಬಳ್ಳಿಯ ಹುಡುಗರು ಕ್ಷಮೆ ಕೇಳದೆ ಶಿಕ್ಷೆ ಪೂರ್ತಿ ಅನುಭವಿಸಿದರು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮಹಿಳಾ ವಿಭಾಗ ಉಮಾಬಾಯಿ ಕುಂದಾಪುರ ಅವರದು. 1924ರ ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿ ಅಧ್ಯಕ್ಷರು, ಶಿಸ್ತು ನೋಡಿಕೊಂಡಿದ್ದು ಹರ್ಡೀಕರ್ ಮತ್ತು ಅವರ ಸ್ವಯಂಸೇವಕರು. ಬ್ರಿಟಿಷರ ಕವಾಯತನ್ನೇ ಕಲಿತು ಬ್ರಿಟಿಷರಿಗೇ ತೋರಿಸೋ ಕೆಲಸ ಅದು. 1932ರಲ್ಲಿ ಸರ್ಕಾರ ಸೇವಾದಳವನ್ನ ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೆ ಅದೇ ಪರಂಪರೆಯ ಭಾರತ ಸೇವಾದಳ ನಮ್ಮ ಸರ್ಕಾರಿ ಶಾಲೆಗಳಿಗೆ ಬಂತು. ನಮ್ಮ ಪೀಟಿ ಮೇಷ್ಟ್ರು ಅದರ ಶಿಬಿರದಲ್ಲಿ ತರಬೇತಿ ಆದವರು. 'ಸಾವಧಾನ್, ವಿಶ್ರಾಮ್' ಅಂತ ಅವರು ಕೂಗ್ತಿದ್ದಿದ್ದು ಅಲ್ಲಿಂದ ಬಂದಿದ್ದು.

ಇಷ್ಟೆಲ್ಲ ಓದಿದ ಮೇಲೂ ಹೊಂಗೆ ಮರದ ಕೆಳಗಿನ ಆ ಮಾತು ಹಾಗೇ ಉಳಿದಿತ್ತು. ಊರಿಗೆ ತಮಟೆ ಬಾರಿಸೋದು ಅವರಿಗೆ ಕಲೆ ಆಗಿರಲಿಲ್ಲ, ಬಿಟ್ಟಿ ಚಾಕರಿ ಆಗಿತ್ತು. ಕರೆದಾಗ ಹೋಗಬೇಕು, ದೂರ ನಿಲ್ಲಬೇಕು, ಕೊಟ್ಟಿದ್ದು ತಗೋಬೇಕು. ಬೇಡ ಅನ್ನೋ ಹಾಗಿಲ್ಲ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಭದ್ರಾವತಿಯಿಂದ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮಾತು ಹಳ್ಳಿಹಳ್ಳಿಗೆ ಹೋದ ಮೇಲೆ ಎಷ್ಟೋ ಕಡೆ ಆ ಚಾಕರಿಗೆ ಒಲ್ಲೆ ಅಂದರು. ಅದೇ ತಮಟೆ ಅದೇ ಹೋರಾಟದ ಮೆರವಣಿಗೆಯ ಮುಂದೆ ಬಂತು. ಇವೆರಡೂ ಒಟ್ಟಿಗೇ ನಡೆದವು, ವಿಚಿತ್ರ ಅನ್ನಿಸಬಹುದು, ಆದರೆ ನನಗೆ ಈಗ ಅರ್ಥ ಆಗುತ್ತೆ. ಯಾರು ಹೇಳಿದಾಗ ಬಾರಿಸಬೇಕು ಅನ್ನೋದಷ್ಟೇ ಜಗಳ, ತಮಟೆಯ ಮೇಲಲ್ಲ. 2023ರಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲೂ ಚಪ್ಪಾಳೆ ಇಮೋಜಿಗಳು ಬಿದ್ದವು.

ಅದೇ ವರ್ಷ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಮಗಳನ್ನ ಕರೆದುಕೊಂಡು ಹೋಗಿದ್ದೆ. ಹಳೇಬೀಡಿನ ಹೊರಗೋಡೆ ತುಂಬ ಮೇಳವೇ: ಕುಣಿಯೋ ದೇವರು, ಅವರ ಕಾಲ ಬಳಿ ಸೊಂಟಕ್ಕೆ ವಾದ್ಯ ಕಟ್ಟಿಕೊಂಡು ಬಾರಿಸೋರು, ತಾಳ ಹಿಡಿದವರು, ಕೊಳಲು ಊದೋರು. ಹುಟ್ಟಿದಾಗಿಂದ ನೋಡಿದ ಗೋಡೆ. ಆದರೆ ಹೋಗೋ ಮುಂಚೆ ಶಾಸನಗಳ ಬಗ್ಗೆ ಓದಿಕೊಂಡಿದ್ದೆ, ಅದಕ್ಕೇ ಈ ಸಲ ಬೇರೆ ಥರ ಕಂಡಿತು.

ಹೊಯ್ಸಳರ ಶಾಸನಗಳಲ್ಲಿ ಒಂದು ಬಿರುದು ಪದೇಪದೇ ಬರುತ್ತೆ: 'ಸಮಧಿಗತ ಪಂಚಮಹಾಶಬ್ದ'. ಐದು ಮಹಾಶಬ್ದಗಳ ಹಕ್ಕು ಪಡೆದವನು ಅಂತ. ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ ಲೆಕ್ಕಕ್ಕೆ ಕಲ್ಯಾಣದ ಚಾಲುಕ್ಯರ ಮಾಂಡಲಿಕ. ಐದು ವಾದ್ಯ ಮುಂದೆ ಬಾರಿಸಿಕೊಂಡು ಹೋಗೋ ಗೌರವ ಎಲ್ಲರಿಗೂ ಇರಲಿಲ್ಲ, ಅದನ್ನ ಪಡೀಬೇಕಿತ್ತು. 'ಮಹಾ' ಅಂತ ಶುರುವಾಗೋ ಐದು ಪದವಿಗಳು ಅನ್ನೋ ಇನ್ನೊಂದು ಅರ್ಥವನ್ನೂ ವಿದ್ವಾಂಸರು ಹೇಳ್ತಾರೆ, ಆದರೆ ಕನ್ನಡನಾಡಿನ ಮಟ್ಟಿಗೆ ಅದು ವಾದ್ಯಗಳೇ. ಯಾವ ಐದು ಅನ್ನೋದಕ್ಕೆ 'ವಿವೇಕಚಿಂತಾಮಣಿ'ಯಲ್ಲಿ ಪಟ್ಟಿ ಇದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ.

ತಮ್ಮಟ. ನಮ್ಮೂರ ಬಾಯಲ್ಲಿ ತಮಟೆ. ಅಜ್ಜಿ ಬಾಗಿಲಲ್ಲಿ ಮೂಸಿ ನೋಡಿ ಒಳಗೆ ಬಿಡದೆ ಇರಬಹುದಾಗಿದ್ದ ಜಾತಿಯ ವಾದ್ಯ, ಒಂದು ಕಾಲಕ್ಕೆ ಚಕ್ರವರ್ತಿಯಿಂದ ಅಪ್ಪಣೆ ಪಡೆದು ಬಾರಿಸಿಕೊಳ್ಳೋ ಮರ್ಯಾದೆ.

ನನಗೆ ಖುಷಿ ತಡೆಯಲಿಲ್ಲ. ದೇವಸ್ಥಾನದ ಹುಲ್ಲುಹಾಸಿನ ಮೇಲೆ ನಿಂತೇ ಅವನಿಗೆ ಫೋನ್ ಮಾಡಿದೆ. ಅವನೀಗ ಊರಲ್ಲೇ ಇದ್ದಾನೆ, ಅರಸೀಕೆರೆಯಲ್ಲಿ ಕೆಲಸ, ದಿನಾ ಬೈಕಲ್ಲಿ ಓಡಾಡ್ತಾನೆ. ಪಂಚಮಹಾಶಬ್ದದ ಕಥೆ ಪೂರ್ತಿ ಹೇಳಿದೆ, ಏನೋ ದೊಡ್ಡ ಸಾಲ ತೀರಿಸೋ ಹಾಗೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ, 'ಸರಿ ಮಾರಾಯ, ವಾದ್ಯದ ಹೆಸರು ಐತೆ. ಬಾರ್ಸಿದೋನ ಹೆಸರು ಐತಾ?' ಅಂದ.

ಬೇಲೂರಿನ ಮದನಿಕೆಯರ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ತಮ್ಮ ಬಿರುದುಗಳ ಸಮೇತ. ಗೋಡೆಯ ಮೇಲೆ ಬಾರಿಸುತ್ತಾ ನಿಂತವರಿಗೆ ಹೆಸರಿಲ್ಲ. ಅವನಿಗೆ ಹಾಗೇ ಹೇಳಿದೆ. 'ಅಷ್ಟೇಯ' ಅಂದ. ಮಗಳಿಗೆ ಪರೀಕ್ಷೆ ಯಾವಾಗ ಅಂತ ಕೇಳಿ ಫೋನ್ ಇಟ್ಟ.

ಹೋದ ಆಗಸ್ಟಿನಲ್ಲಿ ಅವನಿಂದ ಒಂದು ವಿಡಿಯೊ ಬಂತು. ನಮ್ಮದೇ ಶಾಲೆಯ ಪ್ರಭಾತಫೇರಿ. ಮಕ್ಕಳು ನಮ್ಮ ಕಾಲದ ಅರ್ಧವೂ ಇಲ್ಲ, ಮಿಕ್ಕವರನ್ನ ಬೆಳಗ್ಗೆಯೇ ವ್ಯಾನು ಎತ್ತಿಕೊಂಡು ಹೋಗುತ್ತೆ. ಡ್ರಮ್ಮುಗಳು ಹೊಸವು. ಸೈಡ್ ಡ್ರಮ್ ಹಾಕಿಕೊಂಡು ಎರಡು ಜಡೆಯ ಹುಡುಗಿ, ಅವನ ಮಗಳು. ಮೆರವಣಿಗೆ ಆಂಜನೇಯನ ಗುಡಿ ದಾಟಿ ಕಾಲೋನಿಯ ಸಿಮೆಂಟ್ ರಸ್ತೆಗೆ ಬಂತು. ಮನೆ ಮುಂದಿನ ಜಗಲಿಯ ಮೇಲೆ ಅವನ ಅಪ್ಪ, ಗೋಡೆಗೆ ಒರಗಿ. ನಾನು ಫೋನ್ ಮಾಡಿ ಮೊದಲು ಕೇಳಿದ್ದೇ ಅದು: ಮೊಮ್ಮಗಳು ಡ್ರಮ್ ಹಾಕಿಕೊಂಡಿದ್ದಕ್ಕೆ ನಿಮ್ಮಪ್ಪ ಏನಂದ್ರು?

'ಏನೂ ಅನ್ಲಿಲ್ಲ. ಸಂಜೆ ಕರ್ದು ಕೂರಿಸ್ಕಂಡು, ಎಡಗೈ ಸುಮ್ನೆ ಬೀಳ್ತೈತೆ ಕಣವ್ವ ಅಂದ್ರು.'