ಅಂದಾಜು ತಪ್ಪಿದರೆ ಹಣ ವಾಪಸು!

ವಿದ್ಯಾರ್ಥಿ ಮಿತ್ರರೇ, ಬಜೆಟ್ ಎಂದೊಡನೆ ನಿಮ್ಮ ಕಿವಿಗೆ ಬೀಳುವ ಮಾತು 'ಕೊರತೆ'. ಸರ್ಕಾರದ ಬಳಿ ಹಣ ಮಿಕ್ಕಿತು, ಅದನ್ನು ತೆರಿಗೆ ಕಟ್ಟಿದವರಿಗೇ ಹಿಂದಿರುಗಿಸಿದರು ಎಂದರೆ ನಂಬುತ್ತೀರಾ? ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಆರೆಗಾನ್ ರಾಜ್ಯದಲ್ಲಿ ಹೀಗೆ ಮಾಡಲೇಬೇಕೆಂಬ ನಿಯಮವಿದೆ. ಜನ ಅದನ್ನು 'ಕಿಕ್ಕರ್' ಎನ್ನುತ್ತಾರೆ.

ಇದರ ಮೂಲ ಹುಡುಕಲು ನೆರೆಯ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. 1978ರ ಜೂನ್‌ನಲ್ಲಿ ಅಲ್ಲಿನ ಮತದಾರರು ಮನೆ, ಜಮೀನುಗಳ ಮೇಲಿನ ತೆರಿಗೆಯನ್ನು ತಾವೇ ಮತ ಹಾಕಿ ಕಡಿತಗೊಳಿಸಿದರು. ರಾಜ್ಯದ ಖಜಾನೆಯಲ್ಲಿ ಹಣ ಮಿಕ್ಕಿರುವಾಗ ನಮ್ಮಿಂದ ಇಷ್ಟೇಕೆ ವಸೂಲಿ ಎಂಬ ಸಿಟ್ಟು ಅದರ ಹಿಂದಿತ್ತು. ಆ ಬಿಸಿ ಆರೆಗಾನ್‌ಗೂ ತಟ್ಟಿತು. 1979ರಲ್ಲಿ ಅಲ್ಲಿನ ಶಾಸನಸಭೆ ಕಿಕ್ಕರ್ ನಿಯಮವನ್ನು ರೂಪಿಸಿತು. 1980ರಲ್ಲಿ ಮತದಾರರು ಒಪ್ಪಿದರು.

ನಿಯಮ ಸ್ವಲ್ಪ ವಿಚಿತ್ರವಾಗಿದೆ, ಗಮನವಿಟ್ಟು ಓದಿ. ಆರೆಗಾನ್‌ನ ಬಜೆಟ್ ಎರಡು ವರ್ಷಕ್ಕೊಮ್ಮೆ. ಆ ಅವಧಿಯಲ್ಲಿ ಎಷ್ಟು ವರಮಾನ ಬರಬಹುದೆಂದು ಮೊದಲೇ ಅಂದಾಜು ಮಾಡುತ್ತಾರೆ. 1000 ಡಾಲರ್ ಎಂದು ಅಂದಾಜಿಸಿ 1015 ಬಂದರೆ ಸರ್ಕಾರ ಇಟ್ಟುಕೊಳ್ಳಬಹುದು. 1025 ಬಂದರೆ, ಅಂದರೆ ಹೆಚ್ಚಳ ಶೇಕಡಾ 2ನ್ನು ಮೀರಿದರೆ, ಪೂರ್ತಿ 25 ಡಾಲರನ್ನೂ ಹಿಂದಿರುಗಿಸಬೇಕು.

ಇಲ್ಲಿ 'ಹೆಚ್ಚುವರಿ' ಎನ್ನುವುದು ಅಗತ್ಯಕ್ಕಿಂತ ಹೆಚ್ಚಿನದಲ್ಲ, ಊಹೆಗಿಂತ ಹೆಚ್ಚಿನದು. ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ಲೆಕ್ಕವೂ ಅಳತೆಯೂ ತಾಳೆಯಾಗದಿದ್ದರೆ 'ಲೆಕ್ಕ ತಿದ್ದಯ್ಯಾ' ಎನ್ನುತ್ತಿದ್ದರು ಮೇಷ್ಟ್ರು. ಆರೆಗಾನ್‌ನಲ್ಲಿ ವ್ಯತ್ಯಾಸವನ್ನೇ ಜನರಿಗೆ ಹಂಚುತ್ತಾರೆ! ಆ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ವರಮಾನ ತೆರಿಗೆಯೇ ಮುಖ್ಯ ಆಸರೆ. ಅದೋ, ಆರ್ಥಿಕತೆ ಏರಿದಾಗ ಏರಿ, ಇಳಿದಾಗ ಜಾರುವಂಥದು. ಎರಡು ವರ್ಷ ಮುಂದಿನದನ್ನು ಶೇಕಡಾ 2ರೊಳಗೆ ಊಹಿಸುವುದು ಹುಡುಗಾಟವೇ?

2000ದಲ್ಲಿ ಮತದಾರರು ಈ ನಿಯಮವನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. 2001ರಲ್ಲಿ ಹಿಂದಿನ ಅವಧಿಯ ಹೆಚ್ಚುವರಿ ಹಣ ಚೆಕ್ಕುಗಳ ರೂಪದಲ್ಲಿ ಮನೆಮನೆಗೆ ಹೋಯಿತು. ಆದರೆ ಅಷ್ಟರಲ್ಲೇ ಆರ್ಥಿಕ ಹಿಂಜರಿತ ಕಾಲಿಟ್ಟಿತ್ತು. ವರಮಾನ ಕುಸಿಯಿತು. ತೆರಿಗೆಯನ್ನು ತಾತ್ಕಾಲಿಕವಾಗಿ ಏರಿಸುವ ಪ್ರಸ್ತಾವವನ್ನು 2003ರ ಜನವರಿಯಲ್ಲಿ ಮತದಾರರು ತಿರಸ್ಕರಿಸಿದರು. ಆ ವರ್ಷ ಕೆಲವೆಡೆ ಶಾಲೆಗಳು ಅವಧಿಗೆ ಮೊದಲೇ ಬಾಗಿಲು ಮುಚ್ಚಿದವು. ಪಾಠ ಕಳೆದುಕೊಂಡವರು ನಿಮ್ಮ ವಯಸ್ಸಿನವರೇ.

ಸರ್ಕಾರದ ಕೈಗೆ ಸಿಕ್ಕ ಹಣ ಹೇಗಾದರೂ ಖರ್ಚಾಗಿಬಿಡುತ್ತದೆ, ಜನರ ಬಳಿ ಇದ್ದರೇ ಕ್ಷೇಮ ಎಂಬುದು ಕಿಕ್ಕರ್ ಪರ ಇರುವವರ ವಾದ. ಅದನ್ನು ಸುಳ್ಳೆಂದು ತಳ್ಳಿಹಾಕಲಾರೆ. ಆದರೆ ಒಳ್ಳೆಯ ವರ್ಷದ ಹಣವನ್ನು ಕೆಟ್ಟ ವರ್ಷಕ್ಕೆಂದು ಕಣಜದಲ್ಲಿಡಲು ಬಿಡದ ನಿಯಮ ನನಗೆ ಒಪ್ಪಿಗೆಯಾಗುವುದಿಲ್ಲ.

ಅಲ್ಲಿಯವರಿಗೂ ಇದು ಹೊಳೆಯದೆ ಇರಲಿಲ್ಲ. 2007ರಲ್ಲಿ ಕಂಪನಿಗಳಿಗೆ ಸಲ್ಲಬೇಕಿದ್ದ ಪಾಲನ್ನು ತಡೆದು ಆಪತ್ಕಾಲದ ನಿಧಿಯೊಂದನ್ನು ಸ್ಥಾಪಿಸಿದರು. 2012ರಲ್ಲಿ ಆ ಪಾಲನ್ನು ಶಾಲೆಗಳಿಗೆ ಮೀಸಲಿಡಲು ಮತದಾರರೇ ಒಪ್ಪಿದರು. ವ್ಯಕ್ತಿಗಳ ಪಾಲು ಮಾತ್ರ ಹಾಗೆಯೇ ಉಳಿಯಿತು. 2023ರಲ್ಲಿ ಅದು ಸುಮಾರು 560 ಕೋಟಿ ಡಾಲರ್ ಮುಟ್ಟಿ ದಾಖಲೆಯಾಯಿತು: ಪ್ರತಿಯೊಬ್ಬರಿಗೂ 2022ರಲ್ಲಿ ಕಟ್ಟಬೇಕಿದ್ದ ತೆರಿಗೆಯ ಶೇಕಡಾ 44ರಷ್ಟು. 1,000 ಡಾಲರ್ ತೆರಿಗೆಯವನಿಗೆ 440ರ ಆಸುಪಾಸು ಸಿಕ್ಕರೆ, ಲಕ್ಷ ಡಾಲರ್ ತೆರಿಗೆಯವನಿಗೆ 44 ಸಾವಿರಕ್ಕೂ ಮಿಕ್ಕಿ.