ಅಂಗೈಯಗಲದ ಕಂಪ್ಯೂಟರಿಗೆ ಅಳತೆಯ ಅಂಗಿ

ಬೇಸಿಗೆ ರಜೆಯಲ್ಲಿ ಪರಿಚಯದವರೊಬ್ಬರು ನನ್ನ ಮಗನಿಗೆ ತಮ್ಮ ಹಳೆಯ ರಾಸ್ಪ್‌ಬೆರಿ ಪೈ ಕೊಟ್ಟರು. ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್! ಹುಡುಗ ಹೊಸ ಹೊಸ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹಾಕಿ ನೋಡಿದ, ಪರದೆ ಬೆಳಗಲಿಲ್ಲ. "ಅಪ್ಪಾ, ಕೆಟ್ಟುಹೋಗಿದೆ, ಎಸೆದುಬಿಡೋಣ" ಎಂದ. ಎಸೆಯುವ ಮುನ್ನ ಅದರ ಚರಿತ್ರೆಯನ್ನು ಕೆದಕಿದೆ. ಕೆಟ್ಟಿದ್ದು ಯಂತ್ರವಲ್ಲ, ನಮ್ಮ ಆಯ್ಕೆ ಎಂದು ತಿಳಿಯಿತು.

1980ರ ದಶಕದಲ್ಲಿ ಇಂಗ್ಲೆಂಡಿನ ಮಕ್ಕಳು ಬಿಬಿಸಿ ಮೈಕ್ರೋದಂಥ ಯಂತ್ರಗಳಲ್ಲಿ ಪ್ರೋಗ್ರಾಮ್ ಬರೆದು ಕಲಿತರು. ಮುಂದೆ ಆ ಅಭ್ಯಾಸ ತಪ್ಪಿತು. ಕಂಪ್ಯೂಟರ್ ವಿಜ್ಞಾನಕ್ಕೆ ಅರ್ಜಿ ಹಾಕುವವರ ಸಂಖ್ಯೆಯೂ ಸಿದ್ಧತೆಯೂ ಕುಗ್ಗುತ್ತಿರುವುದನ್ನು ಕೇಂಬ್ರಿಜ್‌ನ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಕಂಡರು. ಅಗ್ಗದ ಯಂತ್ರವೊಂದನ್ನು ಮಕ್ಕಳ ಕೈಗಿಡಬೇಕೆಂದು 2009ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 2012ರ ಫೆಬ್ರವರಿ 29ರಂದು 35 ಡಾಲರಿನ 'ಮಾಡೆಲ್ ಬಿ' ಮಾರಾಟಕ್ಕೆ ಬಂದಿತು.

ಬೆಲೆಗೆ ತಕ್ಕಂತೆ ಅದರ ಚಿಪ್ ಹಳೆಯ ಎಆರ್‌ಎಂ ಆರನೆಯ ಪೀಳಿಗೆಯದು. ವೇಗ 700 ಮೆಗಾಹರ್ಟ್ಸ್, ಮೆಮೊರಿ 256 ಎಂಬಿ. ತೊಡಕು ಬಂದದ್ದು ಇಲ್ಲಿಯೇ. ಡೆಬಿಯನ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥ ಚಿಪ್‌ಗಳಿಗೆ ಎರಡು ರೂಪಗಳಿದ್ದವು. ಹಳೆಯದು ಇದರಲ್ಲಿ ನಡೆಯುತ್ತಿತ್ತು. ಆದರೆ ದಶಾಂಶ ಲೆಕ್ಕಗಳನ್ನು ಸಾಫ್ಟ್‌ವೇರಿನಿಂದಲೇ ಮಾಡಿಸುತ್ತಿದ್ದುದರಿಂದ, ಚಿಪ್ಪಿನೊಳಗೆ ಅದಕ್ಕೆಂದೇ ಇದ್ದ ಘಟಕ ಕೈಕಟ್ಟಿ ಕುಳಿತಿತ್ತು. ಹೊಸ ರೂಪ ಆ ಘಟಕವನ್ನು ದುಡಿಸಿಕೊಳ್ಳುತ್ತಿತ್ತು. ಆದರೆ ಅದಕ್ಕೆ ಏಳನೆಯ ಪೀಳಿಗೆಯ ಚಿಪ್ಪೇ ಬೇಕು. ಉಬುಂಟುವಿನ ಷರತ್ತೂ ಅದೇ.

ಪ್ರತಿಷ್ಠಾನಕ್ಕೆ ಸೇರಿದವರಲ್ಲದ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಮುಂದೆ ಬಂದರು. ಡೆಬಿಯನ್ನಿನ ಹೊಸ ರೂಪವನ್ನೇ ಬಿಚ್ಚಿ, ಈ ಚಿಪ್ಪಿನ ಅಳತೆಗೆ ಮತ್ತೆ ಹೊಲಿಯುವಂಥ ಕೆಲಸ ಅದು. 2012ರ ಜೂನ್ ಹೊತ್ತಿಗೆ 35,000ಕ್ಕೂ ಹೆಚ್ಚು ಪ್ಯಾಕೇಜುಗಳು ಹೀಗೆ ಸಿದ್ಧವಾದವು. 'ರಾಸ್ಪ್‌ಬಿಯನ್' ಹುಟ್ಟಿದ್ದು ಹೀಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬಂತೆ, ಅದರ ಡೆಸ್ಕ್‌ಟಾಪಿಗೆ ಕಡಿಮೆ ಮೆಮೊರಿಯಲ್ಲಿ ನಡೆಯುವ ಎಲ್‌ಎಕ್ಸ್‌ಡಿಇ ಬಂದಿತು. ಪ್ರತಿಷ್ಠಾನವೂ ಅದನ್ನೇ ಶಿಫಾರಸು ಮಾಡಿತು.

2015ರ ಎರಡನೆಯ ಮಾದರಿಗೆ ಏಳನೆಯ ಪೀಳಿಗೆಯ ಚಿಪ್ ಬಂದಿತು; 2016ರ ಮೂರನೆಯದು 64 ಬಿಟ್. 2020ರ ಅಕ್ಟೋಬರಿನಲ್ಲಿ ಉಬುಂಟು ಡೆಸ್ಕ್‌ಟಾಪ್ ನಾಲ್ಕನೆಯ ಮಾದರಿಗೆ ಒದಗಿತು. ಅದಕ್ಕೆ ಆಗ 4 ಜಿಬಿ ಮೆಮೊರಿಯಾದರೂ ಬೇಕಿತ್ತು. ಪ್ರತಿಷ್ಠಾನದ ವ್ಯವಸ್ಥೆ 2020ರಲ್ಲಿ 'ರಾಸ್ಪ್‌ಬೆರಿ ಪೈ ಓಎಸ್' ಎಂಬ ಹೆಸರು ಪಡೆಯಿತು. ಆದರೂ ಅದರ 64 ಬಿಟ್ ಆವೃತ್ತಿ ಅಧಿಕೃತವಾಗಿ ಹೊರಬಂದದ್ದು 2022ರಲ್ಲಿ. ಹಳೆಯದು ಹೊಸದೆನ್ನದೆ ಎಲ್ಲ ಮಾದರಿಗಳಲ್ಲಿಯೂ ಒಂದೇ ವ್ಯವಸ್ಥೆ ನಡೆಯಲಿ ಎಂಬುದೇ ಈ ತಡಕ್ಕೆ ಕಾರಣ.

ಇಷ್ಟು ತಿಳಿದ ಮೇಲೆ ಮಗ 32 ಬಿಟ್ ಆವೃತ್ತಿಯನ್ನು ಹಾಕಿದ. ನಿಧಾನವಾಗಿಯಾದರೂ ಡೆಸ್ಕ್‌ಟಾಪ್ ಮೂಡಿತು! ಪೈಥಾನ್ ಕಲಿಯಲು ಅದು ಧಾರಾಳವಾಗಿ ಸಾಕು. ಮಕ್ಕಳ ಕಲಿಕೆಗೆಂದು ಹುಟ್ಟಿದ ಯಂತ್ರ ಮತ್ತೆ ಆ ಕೆಲಸಕ್ಕೇ ಸೇರಿತು.

ವಾಚಕರ ಮನೆಗಳಲ್ಲಿಯೂ ಇಂಥದೊಂದು ಮೂಲೆ ಸೇರಿರಬಹುದು. ರದ್ದಿಗೆ ಹಾಕುವ ಮುನ್ನ ಅದರ ಚಿಪ್ ಯಾವ ಪೀಳಿಗೆಯದು, ಮೆಮೊರಿ ಎಷ್ಟು ಎಂದು ನೋಡಿರಿ. ಭಾನುವಾರ ಸಂಘದ ವಾಚನಾಲಯಕ್ಕೆ ತಂದರೆ ನಾನೂ ನನ್ನ ಮಗನೂ ಕೈಜೋಡಿಸುತ್ತೇವೆ.